ಮನೆ ಕಂಪ್ಯೂಟರ್‌ಗೆ ಡಿಜಿಟಲ್ ಸಹಿ ಟೋಕನ್, ಪಾಸ್‌ಕೀ ಇವೆಲ್ಲ ನಿಜಕ್ಕೂ ಬೇಕಾ?

ಹಳೇ ಪೋಸ್ಟ್ ಮಾಸ್ಟರ್ (ತೀರ್ಥಹಳ್ಳಿ ಕಡೆ):

ಎಲ್ಲರಿಗೂ ನಮಸ್ಕಾರ. ನಾನು ಅಂಚೆ ಇಲಾಖೆಯಲ್ಲಿ 36 ವರ್ಷ ಕೆಲಸ ಮಾಡಿ ರಿಟೈರ್ ಆದವನು. ಈಗ ಊರಲ್ಲೇ ಇದ್ದೇನೆ, ಒಂದೂವರೆ ಎಕರೆ ಅಡಿಕೆ ತೋಟ ಇದೆ. ಮನೆಯಲ್ಲಿ ಒಂದೇ ಒಂದು ಡೆಸ್ಕ್‌ಟಾಪ್, ಜಗಲಿ ಪಕ್ಕದ ಕೋಣೆಯಲ್ಲಿ. ಪಿಂಚಣಿ, ಬ್ಯಾಂಕು, ತೆರಿಗೆ ರಿಟರ್ನ್, ಕರೆಂಟ್ ಬಿಲ್ಲು ಎಲ್ಲ ಅದರಲ್ಲೇ. ನಮ್ಮ ಮನೆಯವರು ಅದೇ ಕಂಪ್ಯೂಟರಲ್ಲಿ ಅಡುಗೆ ವಿಡಿಯೋ ನೋಡುತ್ತಾರೆ, ರಜೆಗೆ ಬಂದ ಮೊಮ್ಮಕ್ಕಳು ಗೇಮ್ ಹಾಕಿಕೊಂಡು ಕೂರುತ್ತಾರೆ. ಪಾಸ್‌ವರ್ಡ್‌ಗಳನ್ನೆಲ್ಲ ಅಡಿಕೆ ಮಂಡಿಯವರು ಕೊಟ್ಟ ಡೈರಿಯ ಕೊನೇ ಪುಟದಲ್ಲಿ ಬರೆದಿಟ್ಟಿದ್ದೇನೆ. ನಗಬೇಡಿ.

ಹೋದ ತಿಂಗಳು ಸಿಡಿಲಿಗೆ ಎಸ್‌ಎಂಪಿಎಸ್ (ಕಂಪ್ಯೂಟರಿಗೆ ಕರೆಂಟ್ ಕೊಡುವ ಡಬ್ಬಿ) ಹೋಯಿತು. ರಿಪೇರಿಗೆ ಅಂತ ಶಿವಮೊಗ್ಗಕ್ಕೆ ತಗೊಂಡು ಹೋದರೆ ಅಂಗಡಿ ಹುಡುಗ ಕಂಪ್ಯೂಟರ್ ಬಿಟ್ಟು ನನ್ನನ್ನೇ ರಿಪೇರಿ ಮಾಡಲು ಶುರು ಮಾಡಿದ. "ಸರ್, ಇಷ್ಟೆಲ್ಲ ಆನ್‌ಲೈನಲ್ಲಿ ಮಾಡ್ತೀರಾ, ಡಿಜಿಟಲ್ ಐಡೆಂಟಿಟಿನೇ ಇಲ್ವಲ್ಲ" ಅಂದ. ಅವನ ಪಟ್ಟಿ ಇದು. ಒಂದು, ಡಿಎಸ್‌ಸಿ ಅಂದರೆ ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್. ಅದರಲ್ಲಿ ಕ್ಲಾಸ್ 2 ಅನ್ನುವ ದರ್ಜೆ ಸಾಕು, ಅಗ್ಗ ಆಗುತ್ತದೆ ಅಂದ. ಎರಡು, ಬದುಕಿದ್ದೇವೆ ಅಂತ ಪಿಂಚಣಿದಾರರು ವರ್ಷಕ್ಕೊಮ್ಮೆ ಕೊಡುವ ಜೀವನ ಪ್ರಮಾಣಕ್ಕೆ ಬೆರಳಚ್ಚು ಮಷೀನು. ಮೂರು, ವರ್ಷಾವರ್ಷ ದುಡ್ಡು ಕಟ್ಟುವ 'ಐಡೆಂಟಿಟಿ ಪ್ರೊಟೆಕ್ಷನ್' ಪ್ಯಾಕೇಜು. ಎಲ್ಲಾ ಸೇರಿ ಏಳು ಸಾವಿರದ ಹತ್ತಿರ. ಕಂಪ್ಯೂಟರ್ ರಿಪೇರಿ ಆಗಿದ್ದು 1,400ಕ್ಕೆ.

ಬೆಂಗಳೂರಲ್ಲಿರುವ ಅಳಿಯನನ್ನು ಕೇಳಿದರೆ "ಅದೆಲ್ಲ ಬೇಡ ಮಾವ, ಪಾಸ್‌ಕೀ ಹಾಕಿಕೊಳ್ಳಿ" ಅಂದು ಮೀಟಿಂಗ್ ಇದೆ ಅಂತ ಫೋನ್ ಇಟ್ಟ. ಪಾಸ್‌ಕೀ ಅಂದರೇನು ಅಂತ ಅವನೂ ಹೇಳಲಿಲ್ಲ, ನಾನೂ ಮತ್ತೆ ಕೇಳಲಿಲ್ಲ.

ಕೌಂಟರಲ್ಲಿ ಕೂತು ಪಾಸ್‌ಬುಕ್ಕಿನ ಸಹಿಗೂ ವಿತ್‌ಡ್ರಾಯಲ್ ಫಾರಂನ ಸಹಿಗೂ ತಾಳೆ ನೋಡಿ ನೋಡಿ ಕಣ್ಣು ಸವೆಸಿದವನು ನಾನು. ಮನುಷ್ಯ ಅವನೇ ಹೌದೋ ಅಲ್ವೋ ಅನ್ನೋದು ನನಗೆ ಹೊಸ ವಿಷಯ ಅಲ್ಲ. ಆದರೆ ಮನೆ ಬಳಕೆಗೆ ಇಷ್ಟೆಲ್ಲ ಸರಂಜಾಮು ಬೇಕಾ? ಯಾವುದು ದಂಡ, ಯಾವುದು ಉಪಯೋಗ? ಗೊತ್ತಿದ್ದವರು ಬಿಡಿಸಿ ಹೇಳಿ.

ಲೆಕ್ಕದ ಪುಟ (ಹುಬ್ಬಳ್ಳಿ):

ಸರ್, ಡಿಎಸ್‌ಸಿ ನಿಮಗೆ ಬೇಡ. ಮೊದಲು ಇಷ್ಟು ಹೇಳಿಬಿಡುತ್ತೇನೆ, ಕಾರಣ ಆಮೇಲೆ.

ಇನ್ನೊಂದು ಮಾತು. ಆ ಹುಡುಗ ಕ್ಲಾಸ್ 2 ಮಾಡಿಸಿಕೊಡುತ್ತೇನೆ ಅಂದನಲ್ಲ, ಕ್ಲಾಸ್ 2 ಕೊಡುವುದನ್ನು 2021ರ ಜನವರಿ 1ರಿಂದಲೇ ನಿಲ್ಲಿಸಿದ್ದಾರೆ. ಈಗ ಇರುವುದು ಕ್ಲಾಸ್ 3 ಮಾತ್ರ. ಇಲ್ಲದ ಸಾಮಾನನ್ನು ಅಗ್ಗಕ್ಕೆ ಕೊಡುತ್ತೇನೆ ಅನ್ನುವವನ ಹತ್ತಿರ ಮೌಸ್ ಕೂಡ ಕೊಳ್ಳಬೇಡಿ.

ನಾನು ಆಡಿಟರ್ ಆಫೀಸಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ. ಟೋಕನ್ ನೋಡೋಕೆ ಪೆನ್‌ಡ್ರೈವ್ ಥರ ಇರುತ್ತದೆ, ಆದರೆ ಒಳಗೆ ಒಂದು ಚಿಪ್ ಇದೆ. ನಿಮ್ಮ ಗುಟ್ಟಿನ ಕೀ ಆ ಚಿಪ್ಪಿನೊಳಗೇ ಇರುತ್ತದೆ, ಅದನ್ನು ಕಾಪಿ ಹೊಡೆದು ಹೊರಗೆ ತೆಗೆಯಲು ಆಗುವುದಿಲ್ಲ. ಪಿನ್ ಹಾಕಿದರೆ ಚಿಪ್ಪೇ ಸಹಿ ಮಾಡಿ ಕೊಡುತ್ತದೆ. ನಿಮ್ಮ ಆಫೀಸಿನ ಮೊಹರನ್ನು ಕಬ್ಬಿಣದ ಪೆಟ್ಟಿಗೆಯೊಳಗೇ ಬೆಸುಗೆ ಹಾಕಿಟ್ಟ ಹಾಗೆ ಅಂದುಕೊಳ್ಳಿ. ಕಾಗದ ತೂರಿಸಿದರೆ ಮುದ್ರೆ ಬಿದ್ದು ಆಚೆ ಬರುತ್ತದೆ, ಮೊಹರನ್ನು ಮಾತ್ರ ಯಾರೂ ಕೈಗೆ ತಗೊಳ್ಳುವ ಹಾಗಿಲ್ಲ. 2000ದ ಮಾಹಿತಿ ತಂತ್ರಜ್ಞಾನ (ಐಟಿ) ಕಾಯ್ದೆ ಈ ಸಹಿಗೆ ಕಾನೂನಿನ ಬೆಲೆ ಕೊಟ್ಟಿದೆ. ವ್ಯವಸ್ಥೆ ಗಟ್ಟಿಯಾಗೇ ಇದೆ, ಅದರಲ್ಲಿ ತಕರಾರಿಲ್ಲ.

ಆದರೆ ಅದು ಬೇಕಾಗುವುದು ಯಾರಿಗೆ? ಕಂಪನಿ ಡೈರೆಕ್ಟರ್‌ಗಳಿಗೆ, ಎಲ್‌ಎಲ್‌ಪಿ ಅನ್ನುವ ಪಾಲುದಾರಿಕೆ ಸಂಸ್ಥೆಗಳ ಪಾರ್ಟ್‌ನರ್‌ಗಳಿಗೆ, ಸರ್ಕಾರಿ ಇ-ಟೆಂಡರ್ ಹಾಕುವ ಗುತ್ತಿಗೆದಾರರಿಗೆ, ನಮ್ಮಂಥ ಆಫೀಸಿನ ಆಡಿಟರ್‌ಗಳಿಗೆ. ಪಿಂಚಣಿ ಮತ್ತು ಬಡ್ಡಿ ವರಮಾನ ತೋರಿಸಿ ರಿಟರ್ನ್ ಹಾಕುವ ನಿಮಗೆ ಅದರಲ್ಲಿ ಏನೂ ಕೆಲಸ ಇಲ್ಲ. ರಿಟರ್ನ್ ಸಲ್ಲಿಸಿದ ಮೇಲೆ ಆಧಾರ್ ಒಟಿಪಿಯಿಂದಲೋ ನೆಟ್ ಬ್ಯಾಂಕಿಂಗ್‌ನಿಂದಲೋ ಇ-ವೆರಿಫೈ, ಅಂದರೆ ಹಾಕಿದ್ದು ನೀವೇ ಅಂತ ಆನ್‌ಲೈನಲ್ಲಿ ಖಾತ್ರಿ, ಮಾಡಿದರೆ ಮುಗಿಯಿತು. 30 ದಿನದೊಳಗೆ ಮಾಡಬೇಕು ಅಷ್ಟೇ, ಮೊದಲು 120 ದಿನ ಇತ್ತು, 2022ರ ಆಗಸ್ಟಿಂದ ಕಡಿಮೆ ಮಾಡಿದರು. ಎಷ್ಟೋ ಜನ ಸಲ್ಲಿಸಿ ಮರೆತುಬಿಡುತ್ತಾರೆ, ಆಮೇಲೆ ತಡವಾದ ರಿಟರ್ನ್ ಅಂತ ಆಗಿ ಫೀ ಕಟ್ಟುತ್ತಾರೆ.

ಎಲ್ಲಾದರೂ ಒಂದು ಪಿಡಿಎಫ್‌ಗೆ ಸಹಿ ಬೇಕು ಅಂದರೆ ಆಧಾರ್ ಇ-ಸೈನ್ ಇದೆ. ಒಟಿಪಿ ಹಾಕಿದ ತಕ್ಷಣ ನಿಮ್ಮ ಹೆಸರಲ್ಲಿ ಒಂದು ಕೀ ಹುಟ್ಟುತ್ತದೆ, ಒಂದು ಸಹಿ ಹಾಕುತ್ತದೆ, ಅಳಿಸಿಹೋಗುತ್ತದೆ. ಸರ್ಟಿಫಿಕೇಟಿನ ಆಯುಸ್ಸು ಅರ್ಧ ಗಂಟೆ. ಕಾಯಬೇಕಾದ ಸಾಮಾನೇ ಇಲ್ಲ.

ಕಾಯಬೇಕಾದ ಸಾಮಾನು ಅಂದೆನಲ್ಲ, ಅದರ ಕಥೆ ಕೇಳಿ. ಈಗ ನನ್ನ ಟೇಬಲ್ ಡ್ರಾಯರ್ ಎಳೆದರೆ ಸುಮಾರು ನಲವತ್ತು ಟೋಕನ್ ಸಿಗುತ್ತವೆ. ಕ್ಲೈಂಟುಗಳು ತಂದು ಕೊಟ್ಟು "ನಿಮ್ಮ ಹತ್ತಿರಾನೇ ಇರಲಿ" ಅಂತ ಹೋಗಿದ್ದಾರೆ. ಒಂದೊಂದಕ್ಕೂ ರಬ್ಬರ್ ಬ್ಯಾಂಡ್ ಹಾಕಿ ಚೀಟಿ ಸಿಕ್ಕಿಸಿದ್ದೇವೆ. ಚೀಟಿಯಲ್ಲಿ ಹೆಸರು, ಮುಗಿಯುವ ತಾರೀಖು, ಕೆಳಗೆ ಪಿನ್ನು. ಕಬ್ಬಿಣದ ಪೆಟ್ಟಿಗೆ ಏನೋ ಇದೆ, ಬೀಗದ ಕೈ ಅದರ ಕುತ್ತಿಗೆಗೇ ಕಟ್ಟಿದೆ. ಯಾರ ಸಹಿಯನ್ನು ಯಾರು ಹಾಕಿದರು ಅಂತ ಮುಂದೆ ಯಾವತ್ತಾದರೂ ಜಗಳ ಬಂದರೆ ಆ ಡೈರೆಕ್ಟರ್ ಸಾಹೇಬರು "ನಾನು ಹಾಕಿಲ್ಲ" ಅನ್ನುವ ಹಾಗೇ ಇಲ್ಲ. ಇದು ತಪ್ಪು ಅಂತ ನನಗೂ ಗೊತ್ತು, ನಮ್ಮ ಸಾಹೇಬರಿಗೂ ಗೊತ್ತು. ರಿಟರ್ನ್ ಕೊನೇ ದಿನ ಬಂದಾಗ ಮಾತ್ರ ಯಾರಿಗೂ ನೆನಪಿರುವುದಿಲ್ಲ.

ಡೌಟ್ ದೊರೆ:

ಡೈರಿ ಇದೆಯಲ್ಲ ಪೋಸ್ಟ್ ಮಾಸ್ಟ್ರೇ, ಸಾಕು ಬಿಡಿ. ನಮ್ಮ ತೀರ್ಥಹಳ್ಳಿ ಡೈರಿಯನ್ನು ರಷ್ಯಾದ ಹ್ಯಾಕರ್ ಬಂದು ತೆಗೆದುಕೊಂಡು ಹೋಗುತ್ತಾನಾ?

ಬೈಟು ಕಾಫಿ (ಬೆಂಗಳೂರು):

ದೊರೆಗಳು ತಮಾಷೆಗೆ ಹೇಳಿದರೂ ಅದರಲ್ಲಿ ಅರ್ಧ ನಿಜ ಇದೆ. ಮನೆಯೊಳಗೆ ಬೀರುವಿನಲ್ಲಿರುವ ಡೈರಿ ಅಷ್ಟು ಕೆಟ್ಟದ್ದಲ್ಲ. ಎಲ್ಲಾ ಕಡೆ ಒಂದೇ ಪಾಸ್‌ವರ್ಡ್ ಇಟ್ಟುಕೊಳ್ಳುವುದಕ್ಕಿಂತ, ಬೇರೆ ಬೇರೆ ಇಟ್ಟು ಡೈರಿಯಲ್ಲಿ ಬರೆದುಕೊಳ್ಳುವುದು ಎಷ್ಟೋ ಮೇಲು. ಡೈರಿಯ ಕೊರತೆ ಬೇರೆ. ನೀವೇ ಡೈರಿ ನೋಡಿಕೊಂಡು, ನೀವೇ ಕೈಯಾರೆ, ಕಳ್ಳನ ಪುಟದಲ್ಲಿ ಪಾಸ್‌ವರ್ಡ್ ಟೈಪ್ ಮಾಡುತ್ತೀರಿ. ಅದನ್ನು ಡೈರಿ ತಡೆಯುವುದಿಲ್ಲ. ಒಟಿಪಿಯೂ ತಡೆಯುವುದಿಲ್ಲ, ಏಕೆಂದರೆ ಒಟಿಪಿಯನ್ನೂ ನೀವು ಅದೇ ಪುಟದಲ್ಲಿ ಹಾಕುತ್ತೀರಿ, ಅವನು ಅದೇ ನಿಮಿಷದಲ್ಲಿ ಅಸಲಿ ಸೈಟಿಗೆ ದಾಟಿಸುತ್ತಾನೆ.

ಇಲ್ಲಿ ಕೆಲಸಕ್ಕೆ ಬರುವುದು ಪಾಸ್‌ಕೀ. ನಿಮ್ಮ ಅಳಿಯ ಫೋನ್ ಇಟ್ಟಿದ್ದು ತಪ್ಪು, ಹೇಳಿದ್ದು ತಪ್ಪಲ್ಲ. ಡಿಎಸ್‌ಸಿ ಟೋಕನ್ ಬಗ್ಗೆ ಮೇಲೆ ಹೇಳಿದರಲ್ಲ, ಗುಟ್ಟಿನ ಕೀ ಚಿಪ್ಪಿನೊಳಗೇ ಇರುತ್ತದೆ ಅಂತ, ಇದೂ ಅದೇ ಜಾತಿ. ನಿಮ್ಮ ಫೋನು ಅಥವಾ ಕಂಪ್ಯೂಟರ್ ಪ್ರತಿ ಸೈಟಿಗೆ ಒಂದು ಜೋಡಿ ಕೀ ಮಾಡುತ್ತದೆ. ಒಂದನ್ನು ಸೈಟಿಗೆ ಕೊಡುತ್ತದೆ, ಅದು ಬಯಲಾದರೂ ನಷ್ಟ ಇಲ್ಲ. ಇನ್ನೊಂದನ್ನು ತಾನೇ ಇಟ್ಟುಕೊಳ್ಳುತ್ತದೆ. ಲಾಗಿನ್ ಆಗುವಾಗ ನೀವು ಬೆರಳೋ ಮುಖವೋ ಪಿನ್ನೋ ತೋರಿಸಿದರೆ ಸಾಕು, ಟೈಪ್ ಮಾಡುವುದೇನಿಲ್ಲ. ಅದಕ್ಕಿಂತ ಮುಖ್ಯ, ಆ ಕೀ ಸೈಟಿನ ವಿಳಾಸಕ್ಕೆ ಅಂಟಿಕೊಂಡಿರುತ್ತದೆ. ಕಳ್ಳ ಎಷ್ಟೇ ಚಂದದ ನಕಲಿ ಪುಟ ಮಾಡಿದರೂ ವಿಳಾಸದಲ್ಲಿ ಒಂದಕ್ಷರ ಬೇರೆ ಇದ್ದರೆ ಕೀ ಬಾಯೇ ಬಿಡುವುದಿಲ್ಲ. ನೀವು ಮೋಸ ಹೋಗಿರಬಹುದು, ಅದು ಹೋಗುವುದಿಲ್ಲ. ಇದರ ಹಿಂದಿನ ವೆಬ್‌ಆಥನ್ ಅನ್ನುವ ಕ್ರಮವನ್ನು ವೆಬ್ಬಿನ ಮಾನದಂಡ ರೂಪಿಸುವ ಡಬ್ಲ್ಯೂ3ಸಿ ಸಂಸ್ಥೆ 2019ರಲ್ಲೇ ಒಪ್ಪಿತ್ತು. 2022ರಲ್ಲಿ ಆಪಲ್, ಗೂಗಲ್, ಮೈಕ್ರೋಸಾಫ್ಟ್ ಮೂರೂ ಸೇರಿ ಪಾಸ್‌ಕೀಗೆ ಬೆಂಬಲ ಕೊಡುತ್ತೇವೆ ಅಂದವು. ಗೂಗಲ್ ಖಾತೆಗೆ 2023ರಿಂದ ಹಾಕಿಕೊಳ್ಳಬಹುದು.

ಇದೇ ಕೆಲಸವನ್ನು ಬೀಗದ ಕೈ ಥರದ ಸಣ್ಣ ಯುಎಸ್‌ಬಿ ಸೆಕ್ಯುರಿಟಿ ಕೀ ಕೂಡ ಮಾಡುತ್ತದೆ. ಗೂಗಲ್ ತನ್ನ 85,000ಕ್ಕೂ ಜಾಸ್ತಿ ಕೆಲಸಗಾರರಿಗೆ 2017ರಲ್ಲಿ ಅದನ್ನು ಕಡ್ಡಾಯ ಮಾಡಿದ ಮೇಲೆ ಒಬ್ಬರ ಕೆಲಸದ ಖಾತೆಯೂ ಫಿಶಿಂಗ್‌ಗೆ (ನಕಲಿ ಪುಟದ ಮೋಸಕ್ಕೆ) ಸಿಕ್ಕಿಲ್ಲ ಅಂತ 2018ರಲ್ಲಿ ಹೇಳಿಕೊಂಡಿತ್ತು. ಒಳ್ಳೇ ಸಾಮಾನು, ಆದರೆ ಮನೆಗೆ ಕೊಂಡರೆ ಎರಡು ಕೊಳ್ಳಬೇಕು, ಒಂದು ಕಳೆದರೆ ಇನ್ನೊಂದು ಇರಬೇಕಲ್ಲ. ನಿಮಗೆ ಅಷ್ಟು ಖರ್ಚು ಬೇಕಿಲ್ಲ, ಫೋನಿನ ಪಾಸ್‌ಕೀಯೇ ಸಾಕು.

ಬ್ಯಾಂಕಿನ ಕಥೆ ಬೇರೆ. ನಮ್ಮ ಬ್ಯಾಂಕುಗಳು ಇನ್ನೂ ಜಾಸ್ತಿ ಒಟಿಪಿ ಮೇಲೇ ನಡೆಯುತ್ತಿವೆ. ಅಲ್ಲಿ ನೀವು ಮಾಡಬಹುದಾದದ್ದು ವಿಳಾಸ ನೋಡುವುದು. ಆರ್‌ಬಿಐ ಹೇಳಿದ ಮೇಲೆ ಬ್ಯಾಂಕುಗಳು ತಮ್ಮ ಸೈಟಿನ ವಿಳಾಸವನ್ನು 'ಡಾಟ್ ಬ್ಯಾಂಕ್ ಡಾಟ್ ಇನ್'ಗೆ ಬದಲಾಯಿಸಿಕೊಂಡಿವೆ, 2025ರ ಅಕ್ಟೋಬರ್ 31 ಗಡುವು ಆಗಿತ್ತು. ಆ ಬಾಲ ಬ್ಯಾಂಕುಗಳಿಗೆ ಮಾತ್ರ ಕೊಡುತ್ತಾರೆ. ಡೈರಿಯ ಅದೇ ಕೊನೇ ಪುಟದಲ್ಲಿ ನಿಮ್ಮ ಬ್ಯಾಂಕಿನ ಪೂರ್ತಿ ವಿಳಾಸ ಬರೆದಿಡಿ, ಪಾಸ್‌ವರ್ಡ್‌ಗಿಂತ ಅದು ಜಾಸ್ತಿ ಉಪಯೋಗಕ್ಕೆ ಬರುತ್ತದೆ.

ನಿಜ ಹೇಳಬೇಕು ಅಂದರೆ ನಿಮ್ಮ ಮನೆಯಲ್ಲಿ ನನಗೆ ಹೆದರಿಕೆ ಆಗಿದ್ದು ಮೊಮ್ಮಕ್ಕಳ ಗೇಮು. ಅವರು ಎಲ್ಲಿಂದಲೋ ಇಳಿಸಿಕೊಂಡ ಪುಕ್ಕಟೆ ಗೇಮು ನಿಮ್ಮ ಖಾತೆಯಲ್ಲೇ ಓಡುತ್ತದೆ, ನಿಮ್ಮ ಬ್ರೌಸರಿನ ಲಾಗಿನ್ ಎಲ್ಲ ಅದರ ಪಕ್ಕದಲ್ಲೇ ಬಿದ್ದಿರುತ್ತದೆ. ಬ್ರೌಸರಲ್ಲಿ ಆಗಲೇ ತೆರೆದಿರುವ ಲಾಗಿನ್ನನ್ನು ಕದಿಯುವ ಕಳ್ಳ ಪ್ರೋಗ್ರಾಮ್ ಬಂದರೆ ಪಾಸ್‌ಕೀಯೂ ಇಲ್ಲ, ಟೋಕನ್ನೂ ಇಲ್ಲ, ಯಾವುದೂ ಕಾಯುವುದಿಲ್ಲ. ವಿಂಡೋಸಲ್ಲಿ ಅವರಿಗೆ ಬೇರೆ ಖಾತೆ ಮಾಡಿಕೊಡಿ, ಅಡ್ಮಿನ್ ಅಧಿಕಾರ ಕೊಡಬೇಡಿ. ಹತ್ತು ನಿಮಿಷದ ಕೆಲಸ, ಪುಕ್ಕಟೆ. ವಿಂಡೋಸ್ 10 ಇದ್ದರೆ ಅದಕ್ಕೆ ಮಾಮೂಲಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿದೆ, ಅದನ್ನೂ ನೋಡಿಕೊಳ್ಳಿ. ಏಳು ಸಾವಿರ ಖರ್ಚು ಮಾಡಲೇಬೇಕು ಅನ್ನಿಸಿದರೆ ಅಲ್ಲಿ ಮಾಡಿ.

ವರ್ಷದ ಪ್ಯಾಕೇಜಿನ ಬಗ್ಗೆ ಎರಡೇ ಮಾತು. ನಿಮ್ಮ ಇಮೇಲ್ ಸೋರಿಕೆ ಆಗಿದೆಯಾ ಅಂತ 'ಹ್ಯಾವ್ ಐ ಬೀನ್ ಪೌನ್ಡ್' ಸೈಟು 2013ರಿಂದ ಪುಕ್ಕಟೆ ಹೇಳುತ್ತಿದೆ. ನಿಮ್ಮ ಹೆಸರಲ್ಲಿ ಯಾರಾದರೂ ಸಾಲ ಎತ್ತಿದ್ದಾರಾ ಅಂತ ನೋಡಲು, ಸಾಲದ ಲೆಕ್ಕ ಇಡುವ ಸಿಬಿಲ್ ಮತ್ತು ಅದೇ ಥರದ ಉಳಿದ ಮೂರು ಸಂಸ್ಥೆಗಳು ವರ್ಷಕ್ಕೊಂದು ಪೂರ್ತಿ ವರದಿ ಪುಕ್ಕಟೆ ಕೊಡಲೇಬೇಕು, 2017ರಿಂದ ಆರ್‌ಬಿಐ ನಿಯಮ ಅದು. ಮೂರು ತಿಂಗಳಿಗೊಂದು ಸಂಸ್ಥೆಯದು ತೆಗೆದು ನೋಡಿದರೆ ವರ್ಷ ಪೂರ್ತಿ ಕಾವಲು ಆಯಿತು.

ಸುಮಾ ಧಾರವಾಡ:

ಎಲ್ಲರೂ ಬೀಗದ ಬಗ್ಗೆ ಹೇಳಿದಿರಿ, ಬೀಗದ ಕೈ ಕಳೆದರೆ ಏನು ಗತಿ ಅಂತ ಯಾರೂ ಹೇಳಲಿಲ್ಲ. ನಾನು ಹೇಳುತ್ತೇನೆ, ಅನುಭವಿಸಿದ್ದೇನೆ.

ಮನೆಯಲ್ಲೇ ಕೂತು ಇಳಕಲ್ ಸೀರೆ ಮಾರುತ್ತೇನೆ, ಆರ್ಡರ್ ಎಲ್ಲ ಇಮೇಲಿಗೆ ಬರುತ್ತವೆ. ತಮ್ಮ ಹೇಳಿದ ಅಂತ ಇಮೇಲಿಗೆ ಅಥೆಂಟಿಕೇಟರ್ ಆ್ಯಪ್ ಹಾಕಿಕೊಂಡೆ, ಮೂವತ್ತು ಸೆಕೆಂಡಿಗೊಮ್ಮೆ ಆರಂಕಿ ಬದಲಾಗುತ್ತದಲ್ಲ, ಅದು. ಎಂಟು ತಿಂಗಳು ಆರಾಮಾಗಿತ್ತು. ಒಂದು ದಿನ ಬಸ್ ಇಳಿಯುವಾಗ ಫೋನು ಕೈಜಾರಿ ಬಿತ್ತು, ನಾನು ಬಗ್ಗುವುದರೊಳಗೆ ಹಿಂದಿನ ಚಕ್ರ ಅದರ ಮೇಲೆ ಹತ್ತಿತು. ಸಿಮ್ ಮಾರನೇ ದಿನ ಸಿಕ್ಕಿತು, ಅದೇ ನಂಬರ್. ಆದರೆ ಆ ಆರಂಕಿ ಸಿಮ್ಮಲ್ಲಿ ಇರುವುದಿಲ್ಲ, ಫೋನಲ್ಲಿ ಇರುತ್ತದೆ. ಅದು ನನಗೆ ಆವತ್ತೇ ಗೊತ್ತಾಗಿದ್ದು. ಕಂಪ್ಯೂಟರಲ್ಲಿ ಲಾಗಿನ್ ಆಗೇ ಇದ್ದೆ, ಗಾಬರಿಯಲ್ಲಿ ಪಾಸ್‌ವರ್ಡ್ ಬದಲಾಯಿಸೋಣ ಅಂತ ಹೋಗಿ ಅದೂ ಲಾಗೌಟ್ ಆಯಿತು. ಆಮೇಲೆ ಶುರು. "ನೀವೇ ಇವರು ಅಂತ ನಮಗೆ ಖಾತ್ರಿ ಆಗುತ್ತಿಲ್ಲ" ಅಂತ ಅದೇ ಪುಟ, ಅದೇ ಸಾಲು, ದಿನಾ ಬೆಳಗ್ಗೆ. ಮನುಷ್ಯರ ಜೊತೆ ಮಾತಾಡೋಣ ಅಂದರೆ ಒಂದು ನಂಬರ್ ಇಲ್ಲ. ಹದಿನೇಳು ದಿನ. ನನ್ನ ಅಂಗಡಿಗೆ ನಾನೇ ಹೊರಗಿನವಳಾಗಿ ಕೂತಿದ್ದೆ, ದೀಪಾವಳಿ ಆರ್ಡರ್ ಬೇರೆ.

ಆ್ಯಪ್ ಹಾಕುವಾಗ ಫೋನು ಇಲ್ಲದಾಗ ಒಳಗೆ ಹೋಗಲು ಹತ್ತು ಬ್ಯಾಕಪ್ ಕೋಡ್ ಕೊಟ್ಟಿದ್ದರು. ಆಮೇಲೆ ನೋಡಿಕೊಂಡರಾಯಿತು ಅಂತ ಸ್ಕ್ರೀನ್‌ಶಾಟ್ ತೆಗೆದಿದ್ದೆ. ಎಲ್ಲಿ? ಅದೇ ಫೋನಲ್ಲಿ!

ಹಾಗಾಗಿ ಸರ್, ನಿಮ್ಮ ಡೈರಿ ಬಿಸಾಕಬೇಡಿ. ಬ್ಯಾಕಪ್ ಕೋಡ್ ಬರೆದಿಡೋಕೆ ಅದಕ್ಕಿಂತ ಒಳ್ಳೇ ಜಾಗ ಇಲ್ಲ. ಪಾಸ್‌ಕೀ ಹಾಕಿದರೂ ಎರಡು ಕಡೆ ಹಾಕಿ, ನಿಮ್ಮ ಫೋನಲ್ಲೊಂದು, ಕಂಪ್ಯೂಟರಲ್ಲೊಂದು. ಇನ್ನೊಂದು, ಹೇಳಲು ಸ್ವಲ್ಪ ಮುಜುಗರ. ನಿಮಗೇನಾದರೂ ಹೆಚ್ಚುಕಮ್ಮಿ ಆದರೆ ಮನೆಯವರಿಗೆ ಈ ಖಾತೆಗಳ ಬಾಗಿಲು ಹೇಗೆ ತೆರೆಯುತ್ತದೆ ಅಂತಲೂ ಯೋಚಿಸಿ. ನಮ್ಮಪ್ಪ ತೀರಿಕೊಂಡಾಗ ಅವರ ಫೋನಿನ ಪಿನ್ ಒಂದು ಗೊತ್ತಿರಲಿಲ್ಲ ಅಂತ ಎಷ್ಟು ಅಲೆದೆವು ಅಂತೀರಿ.

ಲೆಕ್ಕದ ಪುಟ (ಹುಬ್ಬಳ್ಳಿ):

ಸುಮಾ ಅಕ್ಕಾ, ನಿಮ್ಮ ಮಾತು ನೂರಕ್ಕೆ ನೂರು. ಡಿಎಸ್‌ಸಿ ಟೋಕನ್ನೂ ಇಷ್ಟೇ. ಪಿನ್ ಸುಮಾರು ಸಲ ತಪ್ಪಿದರೆ ಲಾಕ್, ಆಮೇಲೆ ಮತ್ತೆ ಅರ್ಜಿ, ಮತ್ತೆ ಕ್ಯಾಮೆರಾ ಮುಂದೆ ಕೂತು ವಿಡಿಯೋ, ಮತ್ತೆ ದುಡ್ಡು. ಮೂರು ವರ್ಷಕ್ಕಿಂತ ಜಾಸ್ತಿ ಅವಧಿ ಹೇಗೂ ಇಲ್ಲ.

ಉತ್ತರ ಧ್ರುವ (ಗೋಥೆನ್‌ಬರ್ಗ್, ಸ್ವೀಡನ್):

ಹಾಸನದವನು, ಆರು ವರ್ಷದಿಂದ ಇಲ್ಲಿದ್ದೇನೆ. ಡಿಜಿಟಲ್ ಗುರುತು ಮನೆ ಬಳಕೆಗೆ ನಿಜವಾಗಿ ಒಗ್ಗಿದ ಜಾಗ ಹೇಗಿರುತ್ತದೆ ಅಂತ ಸ್ವಲ್ಪ ಹೇಳುತ್ತೇನೆ.

ಇಲ್ಲಿ ಬ್ಯಾಂಕ್‌ಐಡಿ ಅಂತ ಇದೆ, 2003ರಿಂದ. ಸರ್ಕಾರ ಕೊಡುವುದಲ್ಲ, ಬ್ಯಾಂಕುಗಳು ಸೇರಿ ಕಟ್ಟಿದ್ದು. ತೆರಿಗೆ, ಆಸ್ಪತ್ರೆ ಅಪಾಯಿಂಟ್‌ಮೆಂಟು, ಮಗಳ ಶಾಲೆಗೆ ರಜಾ ಅರ್ಜಿ, ಮನೆ ಬಾಡಿಗೆ ಕರಾರು, ಎಲ್ಲಕ್ಕೂ ಅದೇ ಒಂದು ಆ್ಯಪ್. ಲ್ಯಾಪ್‌ಟಾಪಿನ ಪರದೆ ಮೇಲೆ ಕ್ಷಣಕ್ಷಣಕ್ಕೂ ಬದಲಾಗುವ ಕ್ಯೂಆರ್ ಬರುತ್ತದೆ, ಫೋನಲ್ಲಿ ಸ್ಕ್ಯಾನ್ ಮಾಡಿ ಪಿನ್ ಒತ್ತಿದರೆ ಆಯಿತು. ಪಾಸ್‌ವರ್ಡ್ ಅನ್ನೋದೇ ಮರೆತುಹೋಗಿದೆ. ಸುಖ ಅಂದರೆ ಸುಖ. ಆದರೆ ಬಂದ ಹೊಸದರಲ್ಲಿ ಇಲ್ಲಿನ ಗುರುತಿನ ನಂಬರೂ ಇಲ್ಲ, ಬ್ಯಾಂಕ್ ಖಾತೆಯೂ ಇಲ್ಲ, ಹಾಗಾಗಿ ಬ್ಯಾಂಕ್‌ಐಡಿಯೂ ಇಲ್ಲ. ಆ ಎರಡು ತಿಂಗಳು ಊರಲ್ಲಿ ಇದ್ದೂ ಇಲ್ಲದವನ ಹಾಗಿದ್ದೆ.

ಇಷ್ಟು ಗಟ್ಟಿ ಇದ್ದರೂ ಇಲ್ಲಿನ ವಯಸ್ಸಾದವರು ದುಡ್ಡು ಕಳೆದುಕೊಳ್ಳುತ್ತಲೇ ಇದ್ದಾರೆ. ಯಾರೂ ಆ್ಯಪನ್ನು ಒಡೆಯುವುದಿಲ್ಲ. ಫೋನ್ ಮಾಡಿ "ನಾನು ಬ್ಯಾಂಕಿನವನು, ನಿಮ್ಮ ಖಾತೆಗೆ ಕಳ್ಳ ಬಿದ್ದಿದ್ದಾನೆ, ಬೇಗ ಬ್ಯಾಂಕ್‌ಐಡಿ ತೆರೆದು ಪಿನ್ ಒತ್ತಿ" ಅನ್ನುತ್ತಾರೆ. ಒತ್ತುತ್ತಾರೆ. ಆ ಓಡಾಡುವ ಕ್ಯೂಆರ್ ಬಂದಿದ್ದೇ ಇದಕ್ಕೆ, ದೂರದಲ್ಲಿ ಕೂತವನು ತನ್ನ ಲಾಗಿನ್ನಿಗೆ ನಿಮ್ಮಿಂದ ಒಪ್ಪಿಗೆ ಒತ್ತಿಸಬಾರದು ಅಂತ. ನಮ್ಮ ಕಡೆ ಪೊಲೀಸರ ವೇಷದಲ್ಲಿ ಫೋನ್ ಮಾಡಿ ಡಿಜಿಟಲ್ ಅರೆಸ್ಟ್ ಅಂತ ಹೆದರಿಸುತ್ತಾರಲ್ಲ, ಅದರ ಸ್ವೀಡಿಶ್ ತಮ್ಮ ಇದು.

ಡೌಟ್ ದೊರೆ:

ಅಂದ್ರೆ ಬೀಗ ಯಾವುದಾದರೇನು, ಬಾಗಿಲು ತೆಗೆಯುವವರು ನಾವೇ ಅಲ್ವಾ. ನಾನು ಹೇಳಿದ್ದೂ ಅದೇ.

ಬೈಟು ಕಾಫಿ (ಬೆಂಗಳೂರು):

ನೀವು ಹೇಳಿದ್ದು ಅದಲ್ಲ ದೊರೆ 😄

ಸೇವಾ ಕೇಂದ್ರ (ಕೋಲಾರ):

ದಿನಾ ಮೂವತ್ತು ನಲವತ್ತು ಜನಕ್ಕೆ ಆಧಾರ್, ಪಹಣಿ, ಜಾತಿ ಪ್ರಮಾಣಪತ್ರ ತೆಗೆದುಕೊಡುವವನು ನಾನು. ಮನೆ ಕಂಪ್ಯೂಟರ್ ಇರುವವರಿಗೆ ಉಪಯೋಗಕ್ಕೆ ಬರುವ ಎರಡು ವಿಷಯ ಹೇಳುತ್ತೇನೆ.

ಆಧಾರ್ ಪಿಡಿಎಫ್ ಇಳಿಸಿಕೊಂಡು ತೆರೆಯಿರಿ. ಪಾಸ್‌ವರ್ಡ್ ನಿಮ್ಮ ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ ದೊಡ್ಡದಾಗಿ, ಪಕ್ಕದಲ್ಲಿ ಹುಟ್ಟಿದ ವರ್ಷ. ಕೆಳಗೆ ಸಹಿ ಇರುವ ಜಾಗದಲ್ಲಿ ಹಳದಿ ಪ್ರಶ್ನೆ ಚಿಹ್ನೆ ಕಾಣುತ್ತದೆ. ಇದನ್ನು ನೋಡಿ ಜನ ಹೆದರುತ್ತಾರೆ. ನನ್ನ ಹತ್ತಿರ ಬಂದ ಒಬ್ಬ ಅಜ್ಜನನ್ನು ಒಂದು ಆಫೀಸಲ್ಲಿ "ಪ್ರಶ್ನೆ ಗುರುತು ಇದೆ, ನಡೆಯಲ್ಲ" ಅಂತ ವಾಪಸ್ ಕಳಿಸಿದ್ದರು. ಮೂವತ್ತು ಕಿಲೋಮೀಟರ್ ಬಸ್ಸಲ್ಲಿ ಬಂದಿದ್ದ. ಪ್ರಶ್ನೆ ಚಿಹ್ನೆ ಅಂದರೆ ಸಹಿ ಸುಳ್ಳು ಅಂತಲ್ಲ, ಈ ಸಹಿ ಹಾಕಿದವರನ್ನು ನಿಮ್ಮ ಕಂಪ್ಯೂಟರಿಗೆ ಇನ್ನೂ ಯಾರೂ ಪರಿಚಯ ಮಾಡಿಸಿಲ್ಲ ಅಂತ, ಅಷ್ಟೇ. ಕಂಪ್ಯೂಟರಿನ ಅಡೋಬಿ ರೀಡರಲ್ಲಿ, ಇಂಟರ್‌ನೆಟ್ ಆನ್ ಇಟ್ಟುಕೊಂಡು, ಆ ಚಿಹ್ನೆ ಮೇಲೆ ಬಲ ಕ್ಲಿಕ್ ಮಾಡಿ ವ್ಯಾಲಿಡೇಟ್ ಅನ್ನಿ. ಪ್ರಾಪರ್ಟೀಸ್ ಒಳಗೆ ಹೋಗಿ ಸರ್ಟಿಫಿಕೇಟ್ ತೆರೆಯಿರಿ. ಯಾರಿಗೆ ಯಾರು ಜಾಮೀನು ಅನ್ನುವ ಸರಪಳಿಯ ತುದಿಯಲ್ಲಿ ಸಿಸಿಎ ಇಂಡಿಯಾ (ಡಿಜಿಟಲ್ ಸಹಿಗಳ ಮೇಲಿನ ಸರ್ಕಾರಿ ಪ್ರಾಧಿಕಾರ) ಅಂತ ಇದೆಯಾ ನೋಡಿ, ಇದ್ದರೆ ಟ್ರಸ್ಟ್ ಅನ್ನುವಲ್ಲಿ ಅದನ್ನು ಸೇರಿಸಿ. ಮತ್ತೆ ವ್ಯಾಲಿಡೇಟ್ ಮಾಡಿದರೆ ಹಸಿರು ಟಿಕ್ ಬರುತ್ತದೆ. ಅಜ್ಜನಿಗೆ ಆ ಹಸಿರು ಟಿಕ್ ಪ್ರಿಂಟ್ ತೆಗೆದುಕೊಟ್ಟೆ, ಕೆಲಸ ಆಯಿತು.

ನಗು ಬರುವುದು ಇಲ್ಲೇ. ಪ್ರಿಂಟ್ ತೆಗೆದ ಕೂಡಲೇ ಡಿಜಿಟಲ್ ಸಹಿ ಸತ್ತಹಾಗೆ. ಅದು ಇರುವುದು ಫೈಲಿನಲ್ಲಿ, ಕಾಗದದ ಮೇಲೆ ಬರುವುದು ಬರೀ ಅದರ ಚಿತ್ರ. ಹಸಿರು ಟಿಕ್ಕನ್ನು ಯಾರು ಬೇಕಾದರೂ ಅಂಟಿಸಬಹುದು. ಕಾಗದದ ಮೇಲೆ ನಿಜವಾಗಿ ಪರೀಕ್ಷೆ ಮಾಡಬೇಕಾದರೆ ಕ್ಯೂಆರ್ ಸ್ಕ್ಯಾನ್ ಮಾಡಬೇಕು. ಯಾರೂ ಮಾಡುವುದಿಲ್ಲ, ಟಿಕ್ ಹಸಿರಿದೆಯಾ ಅಂತ ನೋಡುತ್ತಾರೆ!

ಎರಡನೆಯದು ಬೆರಳಚ್ಚು. ಆಧಾರ್ ನಂಬರು, ಬ್ಯಾಂಕಿನ ಹೆಸರು, ಬೆರಳು, ಈ ಮೂರಿದ್ದರೆ ಎಇಪಿಎಸ್ ಅನ್ನುವ ಆಧಾರ್ ಪಾವತಿ ವ್ಯವಸ್ಥೆಯಲ್ಲಿ ಒಟಿಪಿ ಇಲ್ಲದೇ ದುಡ್ಡು ತೆಗೆಯಬಹುದು. ಹಳ್ಳಿಯವರಿಗೆ ಅದರಿಂದ ತುಂಬಾ ಅನುಕೂಲ, ಇಲ್ಲ ಅನ್ನುವುದಿಲ್ಲ. ಆದರೆ ಬೆರಳಚ್ಚನ್ನು ಕದ್ದು ಅಚ್ಚು ಮಾಡಿ ದುಡ್ಡು ಎತ್ತಿದ ಕೇಸುಗಳೂ ಆಗಿವೆ. ಪಾಸ್‌ವರ್ಡ್ ಹೋದರೆ ಬದಲಾಯಿಸಬಹುದು, ಬೆರಳು ಬದಲಾಯಿಸೋಕೆ ಆಗುತ್ತಾ? ನಿಮಗೆ ಎಇಪಿಎಸ್ ಬೇಕಿಲ್ಲ ಅಂದರೆ ಆಧಾರ್ ಕೊಡುವ ಯುಐಡಿಎಐ ಸೈಟಿನಲ್ಲಿ ಬಯೋಮೆಟ್ರಿಕ್ (ಬೆರಳು, ಕಣ್ಣು, ಮುಖದ ಗುರುತು) ಲಾಕ್ ಮಾಡಿಬಿಡಿ, ಪುಕ್ಕಟೆ. ಒಟಿಪಿ ಕೆಲಸಗಳು ನಡೆಯುತ್ತಲೇ ಇರುತ್ತವೆ. ಜೆರಾಕ್ಸ್ ಕೊಡಬೇಕಾದ ಕಡೆ ಮಾಸ್ಕ್ ಮಾಡಿದ ಆಧಾರ್ ಕೊಡಿ, ಕೊನೇ ನಾಲ್ಕಂಕಿ ಮಾತ್ರ ಕಾಣುತ್ತದೆ. ನೆನಪಿರಲಿ ಸರ್, ಲಾಕ್ ಮಾಡಿದರೆ ನವೆಂಬರಲ್ಲಿ ಜೀವನ ಪ್ರಮಾಣ ಕೊಡುವಾಗ ತೆಗೆಯಬೇಕು, ಇಲ್ಲದಿದ್ದರೆ ಬೆರಳೂ ತಗೊಳ್ಳಲ್ಲ, ಮುಖಾನೂ ತಗೊಳ್ಳಲ್ಲ.

ಆ ಬೆರಳಚ್ಚು ಮಷೀನಂತೂ ಬೇಡವೇ ಬೇಡ. ವರ್ಷಕ್ಕೆ ಒಂದು ಸಲದ ಕೆಲಸಕ್ಕೆ ಯಾಕೆ? ಈಗ ಆಂಡ್ರಾಯ್ಡ್ ಫೋನಲ್ಲೇ ಮುಖ ತೋರಿಸಿ ಜೀವನ ಪ್ರಮಾಣ ಕೊಡಬಹುದು, 2021ರಿಂದ ಇದೆ. ಜೀವನ ಪ್ರಮಾಣ ಆ್ಯಪ್ ಒಂದು, ಆಧಾರ್ ಫೇಸ್ ಆರ್‌ಡಿ ಅಂತ ಇನ್ನೊಂದು, ಎರಡೂ ಇರಬೇಕು.

ಹಳೇ ಪೋಸ್ಟ್ ಮಾಸ್ಟರ್ (ತೀರ್ಥಹಳ್ಳಿ ಕಡೆ):

ಎಲ್ಲರಿಗೂ ವಂದನೆ. ಇಷ್ಟು ಬರೆಯುತ್ತೀರಿ ಅಂತ ಅಂದುಕೊಂಡಿರಲಿಲ್ಲ. ಪ್ರಿಂಟ್ ತೆಗೆದುಕೊಂಡು ಎರಡು ಸಲ ಓದಿದೆ, ಮನೆಯವರಿಗೂ ಓದಿ ಹೇಳಿದೆ.

ಬೆರಳಚ್ಚು ಮಷೀನಿನ ವಿಷಯ ನನಗೆ ಮೊದಲೇ ಹೊಳೆಯಬೇಕಿತ್ತು. ನಮ್ಮ ಇಲಾಖೆಯವರೇ 70 ರೂಪಾಯಿಗೆ ಮನೆ ಬಾಗಿಲಿಗೆ ಬಂದು ಜೀವನ ಪ್ರಮಾಣ ಮಾಡಿಕೊಡುತ್ತಾರೆ, ಬರುವ ಪೋಸ್ಟ್‌ಮ್ಯಾನ್ ಹುಡುಗ ನನ್ನ ಕೈಕೆಳಗೇ ಕೆಲಸ ಕಲಿತವನು. ಹೋದ ವರ್ಷ ಅಡಿಕೆ ಸುಲಿದು ಸುಲಿದು ಬೆರಳೆಲ್ಲ ಕಪ್ಪಾಗಿ ಮಷೀನು ನಾಲ್ಕು ಸಲ ಬೇಡ ಅಂದಿತ್ತು. ಬದುಕಿದ್ದೀರಿ ಅಂತ ಮಷೀನು ಒಪ್ಪುತ್ತಿಲ್ಲ ಸಾರ್ ಅಂತ ಅವನು, ಕಾಫಿ ಕುಡಿದು ಆಮೇಲೆ ನೋಡೋಣ ಅಂತ ನಾನು. ಈ ಸಲ ಮುಖವನ್ನೇ ತೋರಿಸುತ್ತೇನೆ.

ಈ ವಾರ ಮಾಡಿದ್ದು ಇಷ್ಟು. ಅಂಗಡಿಯವನಿಗೆ ಬೇಡ ಅಂದೆ. ಕ್ಲಾಸ್ 2 ನಿಂತುಹೋಗಿದೆಯಂತಲ್ಲ ಅಂದರೆ "ಹಂಗಾದ್ರೆ 3 ಹಾಕ್ಕೊಡ್ತೀನಿ ಸರ್" ಅಂದ. ಮೊಮ್ಮಕ್ಕಳಿಗೆ ಬೇರೆ ಖಾತೆ ಮಾಡಿದೆ, ಒಂದು ಹುಡುಗ ಅಡ್ಮಿನ್ ಬೇಕು ಅಂತ ಅತ್ತ, ಕೊಡಲಿಲ್ಲ. ಆಧಾರ್ ಬಯೋಮೆಟ್ರಿಕ್ ಲಾಕ್ ಮಾಡಿದೆ, ನವೆಂಬರಿಗೆ ತೆಗೆಯಬೇಕು ಅಂತ ಕ್ಯಾಲೆಂಡರಲ್ಲಿ ಗುರುತು ಹಾಕಿದೆ. ಇಮೇಲಿಗೆ ಪಾಸ್‌ಕೀ ಹಾಕಿದೆ, ಅಳಿಯನನ್ನು ಕೇಳದೆ. ಫೋನಲ್ಲೊಂದು, ಕಂಪ್ಯೂಟರಲ್ಲೊಂದು. ಬ್ಯಾಕಪ್ ಕೋಡ್ ಹತ್ತನ್ನೂ ಡೈರಿಯಲ್ಲಿ ಬರೆದು ಡೈರಿಯನ್ನು ಪತ್ರಗಳ ಟ್ರಂಕಿಗೆ ಹಾಕಿದೆ. ಟ್ರಂಕಿನ ಬೀಗದ ಕೈ ಎಲ್ಲಿರುತ್ತದೆ ಅಂತ ಮನೆಯವರಿಗೆ ನನಗಿಂತ ಚೆನ್ನಾಗಿ ಗೊತ್ತು.

ಒಂದು ಸಂಶಯ ಉಳಿದಿದೆ. ಕಂಪ್ಯೂಟರಿನ ಪಾಸ್‌ಕೀಗೆ ವಿಂಡೋಸಿನ ಪಿನ್ ಕೇಳುತ್ತದೆ. ನಮ್ಮ ಮನೆಯವರಿಗೂ ಅದೇ ಪಿನ್ ಗೊತ್ತು, ಅಡುಗೆ ವಿಡಿಯೋಗೆ ದಿನಾ ಅದನ್ನೇ ಒತ್ತುತ್ತಾರೆ. ಅವರಿಗೂ ಬೇರೆ ಖಾತೆ ಮಾಡಬೇಕಾ? ಕೇಳಿದರೆ "ಮೂವತ್ತೆಂಟು ವರ್ಷದಿಂದ ಒಂದೇ ಪಾಸ್‌ಬುಕ್ಕು, ಈಗೇನು ಬೇರೆ ಬಾಗಿಲು" ಅನ್ನುತ್ತಿದ್ದಾರೆ.

ಸುಮಾ ಧಾರವಾಡ:

ಬೇಡ ಸರ್. ಅವರಿಗೆ ಗೊತ್ತಿರಲಿ.